ನಿಜವಾದ ನಾನು, ಸಾಕ್ಷಿ ಸಮೇತ

"ಅಪ್ಪಯ್ಯ, ನಿಂಗೊಂದು ರಿಯಲ್‌ಮಿ ಮಾಡಿಸ್ಬೇಕು" ಅಂದಳು ಮಗಳು, ಕಾವಲಿಯ ಮೇಲಿನ ದೋಸೆ ಮಗುಚುತ್ತ.

"ಇರೋ ಫೋನೇ ಚೆನ್ನಾಗಿದೆಯಲ್ಲೇ. ಸುಮ್ಮನೆ ದುಡ್ಡು ದಂಡ" ಅಂದೆ.

ಮೊಮ್ಮಗಳು ನಕ್ಕು ನಕ್ಕು ಹಾಲಿನ ಲೋಟ ಚೆಲ್ಲಿದಳು. ನಮ್ಮೂರ ಕಡೆ ರಿಯಲ್‌ಮಿ ಅಂದರೆ ಮೊಬೈಲಿನ ಹೆಸರು. ನ್ಯೂಜಿಲೆಂಡಿನಲ್ಲಿ ಅದು ಸರ್ಕಾರ ಕೊಡುವ ಗುರುತು. ಈ ದೇಶದಲ್ಲಿ ನಮ್ಮ ಆಧಾರ್‌ನಂಥ ರಾಷ್ಟ್ರೀಯ ಗುರುತಿನ ಚೀಟಿ ಇಲ್ಲ. ಅದರ ಬದಲು 2012ರಲ್ಲಿ ಒಂದು ಕಾಯ್ದೆ ಮಾಡಿ, 2013ರಿಂದ ಈ ಹೆಸರಿನಲ್ಲಿ ಒಂದು ವ್ಯವಸ್ಥೆ ನಡೆಸುತ್ತಿದ್ದಾರೆ. ಆಂತರಿಕ ವ್ಯವಹಾರಗಳ ಇಲಾಖೆಯವರು ನಿಮ್ಮ ಮುಖ, ಹೆಸರು, ಹುಟ್ಟಿದ ದಿನಗಳನ್ನು ಸರ್ಕಾರದ ದಾಖಲೆಗಳ ಜೊತೆ ತಾಳೆ ನೋಡುತ್ತಾರೆ. ಸರಿ ಬಂದರೆ ಮುಂದೆ ಕೆಲವು ಬ್ಯಾಂಕು, ಕಚೇರಿಗಳಿಗೆ ನೀವು ಕೂತಲ್ಲಿಂದಲೇ "ನಾನು ಇಂಥವನು" ಎಂದು ತೋರಿಸಬಹುದು. ಬೇಕಾದವರು ಮಾಡಿಸಿಕೊಳ್ಳಬಹುದು, ಬೇಡವಾದವರು ಬಿಡಬಹುದು.

ಕೆಲಸ ಸಣ್ಣದು, ಹೆಸರು ಮಾತ್ರ ದೊಡ್ಡದು. ರಿಯಲ್‌ಮಿ ಎಂದರೆ 'ನಿಜವಾದ ನಾನು'. ಋಷಿಗಳು ಕಾಡು ಸೇರಿ, ಗಡ್ಡ ಬಿಟ್ಟು ಹುಡುಕಿದ್ದನ್ನು ಇಲ್ಲಿ ಗುಮಾಸ್ತರು ಅರ್ಜಿ ತುಂಬಿಸಿಕೊಂಡು ಕೊಡುತ್ತಾರೆ. ನನಗೀಗ ಎಪ್ಪತ್ನಾಲ್ಕು. ಇನ್ನು ತಡ ಮಾಡುವುದು ತರವಲ್ಲ ಎಂದು ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತೆ. ಹೊರಗೆ ವೆಲಿಂಗ್ಟನ್ನಿನ ಪ್ರಸಿದ್ಧ ಗಾಳಿ ಬೇಲಿ ಅಲ್ಲಾಡಿಸುತ್ತಿತ್ತು. ನಾವಿರುವುದು ಪಕ್ಕದ ಲೋಯರ್ ಹಟ್‌ನಲ್ಲಾದರೂ ಗಾಳಿ ಎರಡಕ್ಕೂ ಒಂದೇ. ಫೋಟೊಕ್ಕೆ ಕನ್ನಡಕ ತೆಗೆಯಬೇಕು. ಕನ್ನಡಕ ತೆಗೆದರೆ ಪರದೆಯ ಮೇಲೆ ಏನು ಬರೆದಿದೆಯೋ ಕಾಣದು. ಕನ್ನಡಕ ಹಾಕಿ ಓದಿದೆ, ತೆಗೆದೆ, ಅಷ್ಟರಲ್ಲಿ ಓದಿದ್ದು ಮರೆತು ತಲೆ ಅತ್ತ ತಿರುಗಿಸಬೇಕಾದಲ್ಲಿ ಇತ್ತ ತಿರುಗಿಸಿದೆ. ಎರಡು ಸಲ ಹೀಗೇ ಆಯಿತು. ಮೂರನೆಯ ಸಲ ಮೊಮ್ಮಗಳು ಪಕ್ಕದಲ್ಲಿ ನಿಂತು, "ಅಜ್ಜಾ, ನೆಟ್ಟಗೆ ನೋಡು. ಈಗ ನಿಧಾನಕ್ಕೆ ಆ ಕಡೆ. ಸಾಕು" ಎಂದು ಹೇಳಿಕೊಟ್ಟಳು. ಕೆಲಸ ಆಯಿತು. ನನ್ನ ನಿಜವಾದ ನಾನು ಪತ್ತೆಯಾಗಲು ಹತ್ತು ವರ್ಷದ ಇನ್ನೊಬ್ಬಳು ಬೇಕಾದಳು. ಇದನ್ನು ಮರೆಯಬೇಡಿ, ಕೊನೆಗೆ ಮತ್ತೆ ಬರುತ್ತೇನೆ.

ನಾನು ತೀರ್ಥಹಳ್ಳಿ ಸೀಮೆಯವನು. ಅಂಚೆ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ದುಡಿದು, ಒಂದು ಹಳ್ಳಿಯ ಸಬ್ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತನಾದವನು. ಪೋಸ್ಟಾಫೀಸು ಎಂದರೆ ಜನ ಕಾಗದ ಎನ್ನುತ್ತಾರೆ. ನನ್ನ ಕೇಳಿದರೆ ಅದು ಗುರುತು ಹಿಡಿಯುವ ಕಚೇರಿ. ಬಂದ ದುಡ್ಡನ್ನು ಯಾರದ್ದೋ ಅವರಿಗೇ ಮುಟ್ಟಿಸಬೇಕು. ಓದು ಬಂದವರು ಸಹಿ ಹಾಕುತ್ತಿದ್ದರು. ಬಾರದವರು ಎಡಗೈ ಹೆಬ್ಬೆಟ್ಟನ್ನು ಮಸಿಯ ಪ್ಯಾಡಿಗೆ ಒತ್ತಿ ಮನಿಯಾರ್ಡರ್ ಫಾರಂ ಮೇಲೆ ಊರುತ್ತಿದ್ದರು. ಹೆಬ್ಬೆಟ್ಟಿನ ಪಕ್ಕ ಇನ್ನೊಬ್ಬರ ಸಹಿ ಬೇಕು: ಸಾಕ್ಷಿ. ನಮ್ಮೂರಲ್ಲಿ ಆ ಸಾಕ್ಷಿ ಹೆಚ್ಚಾಗಿ ಬಸ್ ಸ್ಟ್ಯಾಂಡಿನ ಹೋಟೆಲಿನ ಭಟ್ಟರು. ಊರಿನ ಅರ್ಧ ಜನ ತಾವು ತಾವೇ ಎಂಬುದಕ್ಕೆ ಅವರ ಒದ್ದೆ ಕೈಯ ಸಹಿಯೇ ಆಧಾರವಾಗಿತ್ತು.

ಹೆಬ್ಬೆಟ್ಟು ನಮ್ಮ ದೇಶದ್ದೇ ಕಥೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಗುತ್ತಿಗೆದಾರನೊಬ್ಬನಿಂದ ಕರಾರಿನ ಹಿಂದೆ ಇಡೀ ಅಂಗೈ ಒತ್ತಿಸಿಕೊಂಡ. ಮುಂದೆ 1877ರಲ್ಲಿ ಹೂಗ್ಲಿಯಲ್ಲಿ ಬೆರಳಚ್ಚನ್ನು ಪಿಂಚಣಿದಾರರಿಗೆ ಹಚ್ಚಿದ. ಪಿಂಚಣಿದಾರ ಸತ್ತ ಮೇಲೂ ಮನೆಯವರು ಅವನ ಹೆಸರಲ್ಲಿ ಹಣ ಎತ್ತುವುದನ್ನು ತಡೆಯಬೇಕಿತ್ತು. ನನ್ನಂಥ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆಂದು ತೋರಿಸಲು 2014ರ ನವೆಂಬರ್ 10ರಂದು ಭಾರತ ಸರ್ಕಾರ ಶುರುಮಾಡಿದ 'ಜೀವನ್ ಪ್ರಮಾಣ್' ಇದೆಯಲ್ಲ, ಅದು ಈ ಹೂಗ್ಲಿಯ ಹೆಬ್ಬೆಟ್ಟಿನ ಮರಿಮಗ. ಹೆಬ್ಬೆಟ್ಟಲ್ಲದೆ ಈಗ ಮುಖವೂ ಆಗುತ್ತದೆ. ಕ್ಯಾಮೆರಾದ ಎದುರು ಕಣ್ಣು ಮಿಟುಕಿಸಬೇಕು. ಫೋಟೊಗಳು ಕಣ್ಣು ಮಿಟುಕಿಸುವುದಿಲ್ಲ, ಸತ್ತವರೂ ಮಿಟುಕಿಸುವುದಿಲ್ಲ.

ಇಷ್ಟೆಲ್ಲ ಮಾಡಿ ಏನು ಸಿದ್ಧವಾಯಿತು? ಇದು ನನ್ನನ್ನು ಆ ಭಾನುವಾರದಿಂದ ಕಾಡುತ್ತಿರುವ ಪ್ರಶ್ನೆ.

ವೇದಾಂತದ ಪಾಠದಲ್ಲಿ ಒಂದು ಹಳೆಯ ಉದಾಹರಣೆ ಬರುತ್ತದೆ: 'ಸೋಽಯಂ ದೇವದತ್ತಃ', ಅವನೇ ಈ ದೇವದತ್ತ. ಎಂದೋ ಎಲ್ಲೋ ಕಂಡ ದೇವದತ್ತನನ್ನು ಇವತ್ತು ಇಲ್ಲಿ ಕಂಡು ಹೀಗೆನ್ನುತ್ತೇವೆ. ಅಂದು ಕಪ್ಪು ಕೂದಲು, ಇಂದು ಬಿಳಿ. ಅಂದು ಆ ಊರು, ಇಂದು ಈ ಊರು. ಎರಡೂ ಒಂದೇ ಎನ್ನಬೇಕಾದರೆ 'ಅಂದು ಅಲ್ಲಿ' ಎಂಬುದನ್ನೂ 'ಇಂದು ಇಲ್ಲಿ' ಎಂಬುದನ್ನೂ ಬಿಡಬೇಕು. ಬಿಟ್ಟ ಮೇಲೆ ಉಳಿಯುವುದು ದೇವದತ್ತ. ಜೀವ ಮತ್ತು ಬ್ರಹ್ಮ ಒಂದೇ ಎಂದು ತೋರಿಸಲು ಅದ್ವೈತಿಗಳು ಈ ದೇವದತ್ತನನ್ನು ಶತಮಾನಗಳಿಂದ ದುಡಿಸಿಕೊಂಡಿದ್ದಾರೆ.

ಫೋನು ನನ್ನ ಮೇಲೆ ಮಾಡಿದ್ದೂ ಅದನ್ನೇ. ಪಾಸ್‌ಪೋರ್ಟಿನಲ್ಲಿದ್ದ ಮುಖ ಒಂದು ಕಡೆ, ಕಿಟಕಿ ಬಳಿ ಕೂತ ಮುಖ ಇನ್ನೊಂದು ಕಡೆ. ನಡುವೆ ಹೆಂಡತಿ ತೀರಿಕೊಂಡಿದ್ದಳು, ಎರಡು ಕಣ್ಣಿಗೂ ಪೊರೆಯ ಆಪರೇಷನ್ ಆಗಿತ್ತು, ಮನೆಗೆ ಬೀಗ ಬಿದ್ದಿತ್ತು. ಅದನ್ನೆಲ್ಲ ಬಿಟ್ಟು, ಕಣ್ಣಿಂದ ಕಣ್ಣಿಗೆ ಎಷ್ಟು ದೂರ, ಮೂಗು ಎಲ್ಲಿ, ಗಲ್ಲ ಎಲ್ಲಿ ಎಂದು ಲೆಕ್ಕ ಹಾಕಿ, "ಅವನೇ ಇವನು" ಎಂದಿತು. ಆದರೆ ವೇದಾಂತಿ ಬಿಟ್ಟು ಬಿಟ್ಟು ಕೊನೆಗೆ ಉಳಿಸಿಕೊಂಡದ್ದು ಎಲ್ಲವನ್ನೂ. ಯಂತ್ರ ಬಿಟ್ಟು ಬಿಟ್ಟು ಉಳಿಸಿಕೊಂಡದ್ದು ಒಂದಿಷ್ಟು ಅಳತೆ. ನಾನು ನಿನ್ನೆಯವನೇ ಎಂಬುದನ್ನು ಅದು ಹೇಳಬಲ್ಲದು. ನಾನು ಯಾರು ಎಂಬುದು ಅದರ ಕೆಲಸವಲ್ಲ. ಆ ಹೆಸರು ಅದಕ್ಕೆ ಹೆಚ್ಚಾಯಿತು.

ಯಾರು ಎಂಬ ಪ್ರಶ್ನೆ ಕೇಳಿದ್ದು ಮೊಮ್ಮಗಳು. ಇಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ 'ಪೆಪೆಹ' ಕಲಿಸುತ್ತಾರೆ. ಮಾವೊರಿ ಜನ ತಮ್ಮನ್ನು ಪರಿಚಯಿಸಿಕೊಳ್ಳುವ ರೀತಿ ಅದು. ಮೊದಲು ತನ್ನ ಬೆಟ್ಟ, ಆಮೇಲೆ ನದಿ, ಹಿರಿಯರು ಸಮುದ್ರ ದಾಟಿ ಬಂದ ದೋಣಿ, ಕುಲ, ಕೂಡುಮನೆ. ಹೆಸರು ಬರುವುದು ಕಟ್ಟಕಡೆಗೆ. ಅವರ ಭಾಷೆಯಲ್ಲಿ 'ವೈ' ಎಂದರೆ ಯಾರು, 'ವೈ' ಎಂದರೆ ನೀರೂ ಹೌದು. ನೀನು ಯಾರು ಎಂದು ಕೇಳಿದರೆ ನೀನು ಯಾವ ನೀರು ಎಂದು ಕೇಳಿದ ಹಾಗೆಯೂ ಕೇಳಿಸುತ್ತದೆ.

"ಅಜ್ಜಾ, ನಿನ್ನ ಬೆಟ್ಟ ಯಾವ್ದು?"

"ಕುಂದಾದ್ರಿ."

"ನದಿ?"

"ತುಂಗೆ ಕಣೆ. ಗಂಗಾ ಸ್ನಾನ ತುಂಗಾ ಪಾನ ಅಂತ ಗಾದೆಯೇ ಇದೆ."

"ದೋಣಿ?"

ನಾನು ತಡವರಿಸಿದೆ. ಅವಳೇ ವಿಮಾನ ಎಂದು ಬರೆದುಕೊಂಡಳು. ಹೊರಗಿನಿಂದ ಬಂದವರು ಇಲ್ಲಿನ ಬೆಟ್ಟವನ್ನು ನನ್ನದು ಎನ್ನಬಾರದಂತೆ, ನನಗೆ ನೆರಳು ಕೊಟ್ಟದ್ದು ಎನ್ನಬೇಕಂತೆ, ಟೀಚರು ಹೇಳಿದ್ದಾರೆ. ನನಗೆ ಆ ಸೂಕ್ಷ್ಮ ಹಿಡಿಸಿತು.

ಮೊದಲು ಇದು ನಮ್ಮ ಪದ್ಧತಿಯ ಹಾಗೇ ಇದೆಯಲ್ಲ ಎಂದು ಹಿಗ್ಗಿದೆ. ನಾವೂ ಹಿರಿಯರಿಗೆ ನಮಸ್ಕರಿಸುವಾಗ ಗೋತ್ರ, ಪ್ರವರ ಹೇಳಿ ಹೆಸರನ್ನು ಕೊನೆಗಿಡುವವರೇ. ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮ ಕಡೆ "ಯಾರ ಪೈಕಿ?" ಎಂದು ಕೇಳಿದರೆ ನೀರು ಕೇಳಿದಂತಲ್ಲ, ಜಾತಿ ಕೇಳಿದಂತೆ. ಉತ್ತರದ ಮೇಲೆ ಜಗಲಿಯೋ ಅಂಗಳವೋ ತೀರ್ಮಾನವಾಗುತ್ತಿತ್ತು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ನಾನೇ ಎಷ್ಟೋ ಸಲ ಆ ಪ್ರಶ್ನೆ ಕೇಳಿದ್ದೇನೆ, ಕೇಳಬೇಕಾದ ಅಗತ್ಯವೇ ಇಲ್ಲದಿದ್ದಾಗಲೂ. ಯಂತ್ರ ನನ್ನನ್ನು ಕುಂದಾದ್ರಿಯಿಂದ ಬಿಡಿಸಿ ಒಂದಿಷ್ಟು ಅಳತೆ ಮಾಡಿತು ಎಂದು ಮೇಲೆ ದೂರಿದೆನಲ್ಲ, ಅದೇ ಯಂತ್ರ ಯಾರ ಪೈಕಿ ಎಂದು ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಊರಿನ ಪರಿಚಯದಲ್ಲಿ ಉಸಿರು ಕಟ್ಟಿದವನಿಗೆ ಬರೀ ಅಳತೆಯಾಗಿ ಉಳಿಯುವುದೂ ಒಂದು ಬಿಡುಗಡೆಯೇ.

ಮುಖವೇ ಸಹಿಯಾಗುವುದು ಇಲ್ಲಿ ಹೊಸದೂ ಅಲ್ಲ. ಕಳೆದ ನವೆಂಬರಿನಲ್ಲಿ ಜೀವಂತ ಪತ್ರಕ್ಕೆ ಸಹಿ ಮಾಡಿಸಲು ವೆಲಿಂಗ್ಟನ್ನಿನ ಭಾರತೀಯ ಹೈಕಮಿಷನ್ನಿಗೆ ರೈಲಿನಲ್ಲಿ ಹೋಗಿದ್ದೆ. ಅಧಿಕಾರಿ ನನ್ನ ಮುಖ ನೋಡಿದರು, ಪಾಸ್‌ಪೋರ್ಟ್ ನೋಡಿದರು, ನಮಸ್ಕಾರ ಹೇಳಿ ಮೊಹರು ಒತ್ತಿದರು. ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಹೊತ್ತಿತ್ತು. ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋದೆ. ಅಲ್ಲಿ 'ಹೆ ತೊಹು' ಎಂಬ ಪ್ರದರ್ಶನವಿದೆ. 'ತೊಹು' ಎಂದರೆ ಗುರುತು. ಕಾಗದ ಮಾಸದಿರಲೆಂದು ಬೆಳಕು ಮಂದ ಮಾಡಿದ ಕೋಣೆಯಲ್ಲಿ 1840ರ ವೈತಾಂಗಿ ಒಪ್ಪಂದದ ಹಾಳೆಗಳನ್ನು ಇಟ್ಟಿದ್ದಾರೆ. ಬ್ರಿಟಿಷ್ ರಾಣಿಯ ಕಡೆಯವರ ಜೊತೆ ಐನೂರಕ್ಕೂ ಹೆಚ್ಚು ಮಾವೊರಿ ನಾಯಕರು ಮಾಡಿಕೊಂಡ ಒಪ್ಪಂದ. ಕೆಲವರು ಹೆಸರು ಬರೆದಿದ್ದಾರೆ, ಕೆಲವರು ಗೀಟು ಎಳೆದಿದ್ದಾರೆ. ಇನ್ನು ಕೆಲವರು ತಮ್ಮ ಮುಖದ ಹಚ್ಚೆ ಮೊಕೊದ ಒಂದು ಸುರುಳಿಯನ್ನು ಚಿತ್ರಿಸಿದ್ದಾರೆ. ಮುಖದ ಮೇಲೆ ಕೆತ್ತಿದ ವಂಶದ ಗುರುತನ್ನೇ ಕಾಗದಕ್ಕೆ ಇಳಿಸಿದ್ದು.

ಹೆಬ್ಬೆಟ್ಟು ನೋಡಿ ಪಳಗಿದ ನನ್ನ ಕಣ್ಣಿಗೆ ಆ ಸುರುಳಿಗಳು ಮೊದಲು ಬೆರಳಚ್ಚಿನಂತೆಯೇ ಕಂಡವು. ಸಹಿಗಳು ಅಸಲಿ. ಆದರೆ ಮಾವೊರಿ ಪಾಠದಲ್ಲಿ ಇದ್ದದ್ದು ಒಂದು, ಇಂಗ್ಲಿಷ್ ಪಾಠದಲ್ಲಿ ಇದ್ದದ್ದು ಇನ್ನೊಂದು. ಆ ಜಗಳ ಇವತ್ತಿಗೂ ಮುಗಿದಿಲ್ಲ. ಸಹಿ ಯಾರದೆಂದು ತಿಳಿದರೂ ಮಾತು ಉಳಿಸಿಕೊಳ್ಳುವವರು ಯಾರೆಂದು ತಿಳಿದಂತಾಗುವುದಿಲ್ಲ.

ಕಾಗದದ ಸಹಿಯ ಕಥೆ ಇದಾದರೆ ಯಂತ್ರದ ಸಹಿಯದು ಹೇಗೋ ಎಂದು ಅಲ್ಲಿಂದ ಬಂದು ಅಳಿಯನನ್ನು ಹಿಡಿದುಕೊಂಡೆ. ಅವನದು ಕಂಪ್ಯೂಟರ್ ಕೆಲಸ. "ಈ ಡಿಜಿಟಲ್ ಸರ್ಟಿಫಿಕೇಟು ಅಂದರೆ ಏನಪ್ಪ, ನನಗೆ ಅರ್ಥ ಆಗೋ ಹಾಗೆ ಹೇಳು."

"ಮಾವ, ಎರಡು ಕೀಲಿ ಇರ್ತವೆ. ಒಂದು ಗುಟ್ಟಿನದು, ನಿಮ್ಮ ಹತ್ರ. ಇನ್ನೊಂದು ಎಲ್ಲರಿಗೂ ಕೊಡೋದು. ಗುಟ್ಟಿನ ಕೀಲಿಯಿಂದ ಹಾಕಿದ ಸಹೀನ ಬಹಿರಂಗದ ಕೀಲಿಯಿಂದ ಯಾರು ಬೇಕಾದ್ರೂ ಪರೀಕ್ಷೆ ಮಾಡಬಹುದು. ಆದ್ರೆ ಆ ಬಹಿರಂಗದ ಕೀಲಿ ನಿಮ್ಮದೇ ಅಂತ ನಂಬೋದು ಹೇಗೆ? ಅದಕ್ಕೆ ಇನ್ನೊಬ್ಬರು ಸಹಿ ಹಾಕಿ ಕೊಟ್ಟ ಪತ್ರವೇ ಸರ್ಟಿಫಿಕೇಟು."

"ಹೋಟೆಲ್ ಭಟ್ಟರು."

"ಹಾಂ, ಹಾಗೇ."

"ಭಟ್ಟರನ್ನು ನಂಬೋದು ಹೇಗೆ?"

"ಅವರ ಕೀಲಿಗೆ ಅವರಿಗಿಂತ ಮೇಲಿನವರು ಸಹಿ ಹಾಕಿರ್ತಾರೆ."

"ಅವರನ್ನು?"

"ಅವರಿಗಿಂತ ಮೇಲಿನವರು. ಕೊನೆಗೆ ಒಂದು ಬೇರು ಬರುತ್ತೆ, ರೂಟ್ ಸರ್ಟಿಫಿಕೇಟ್ ಅಂತ."

"ಅದಕ್ಕೆ ಯಾರು ಸಹಿ ಹಾಕ್ತಾರೆ?"

ಅಳಿಯ ನಕ್ಕ. "ಅದಕ್ಕೆ ಅದೇ ಹಾಕ್ಕೊಳ್ಳುತ್ತೆ, ಮಾವ."

ನಾನು ಎದ್ದು ನಿಂತುಬಿಟ್ಟೆ. ಇದು ನಮ್ಮ ತರ್ಕಶಾಸ್ತ್ರದ ಹಳೆಯ ಜಗಳ! ನೈಯಾಯಿಕರು ಜ್ಞಾನಕ್ಕೆ ಪ್ರಾಮಾಣ್ಯ ಹೊರಗಿನಿಂದ ಬರಬೇಕು, ಬೇರೊಂದು ಜ್ಞಾನ ಅದನ್ನು ಖಾತ್ರಿ ಮಾಡಬೇಕು ಎಂದರು. ಮೀಮಾಂಸಕರು ಕೇಳಿದರು: ಹಾಗಾದರೆ ಆ ಬೇರೊಂದು ಜ್ಞಾನವನ್ನು ಖಾತ್ರಿ ಮಾಡುವವರು ಯಾರು? ಅದಕ್ಕೆ ಮತ್ತೊಂದು, ಅದಕ್ಕೆ ಮಗದೊಂದು ಎಂದು ಹೋದರೆ ಎಲ್ಲಿಯೂ ನಿಲ್ಲುವುದಿಲ್ಲ; ಅದು ಅನವಸ್ಥಾ ದೋಷ. ಆದ್ದರಿಂದ ಪ್ರಾಮಾಣ್ಯ ತನ್ನಿಂದ ತಾನೇ ಇರಬೇಕು, ಸುಳ್ಳೆಂದು ತೋರಿದಾಗ ಮಾತ್ರ ಬಿಡಬೇಕು. ನಮ್ಮ ಘಟ್ಟದ ಕೆಳಗೆ, ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಈ ಸರಪಳಿಯ ತುದಿಯಲ್ಲಿ ನಿಂತವನಿಗೆ ಬಳಸಿದ ಹೆಸರು: ಸಾಕ್ಷಿ. ನನಗೆ ನೋವಾಗುತ್ತಿದೆ, ನಾನಿದ್ದೇನೆ ಎಂಬುದಕ್ಕೆ ಬೇರೆ ಪುರಾವೆ ಕೇಳದೆ ಒಳಗೇ ಒಪ್ಪುವ ಸಾಕ್ಷಿ. ಅದೇ ಕೊನೆಯ ಪ್ರಮಾಣ. ಅದನ್ನು ದಾಟಿ ಪ್ರಶ್ನೆ ಇಲ್ಲ.

ಮನಿಯಾರ್ಡರ್ ಫಾರಂನಲ್ಲಿದ್ದ ಪದವೇ ಶಾಸ್ತ್ರದಲ್ಲೂ ಇತ್ತು. ಮೂವತ್ತೆಂಟು ವರ್ಷ ಆ ಪದದ ಎದುರು ಸಹಿ ಹಾಕಿಸಿದರೂ ನನಗೆ ಹೊಳೆದಿರಲಿಲ್ಲ. ಕನ್ನಡದಲ್ಲಿ ಪ್ರಮಾಣ ಎಂದರೆ ಅಳತೆ, ಪ್ರಮಾಣ ಎಂದರೆ ಪುರಾವೆ, ಧರ್ಮಸ್ಥಳಕ್ಕೆ ಹೋಗಿ ಮಾಡುವ ಆಣೆಯೂ ಪ್ರಮಾಣವೇ. ಅಳತೆಯಿಂದ ಶುರುವಾದದ್ದು ಆಣೆಯಲ್ಲಿ ಮುಗಿಯುತ್ತದೆ ಎಂದು ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತು.

ಅಳಿಯನ ಬೇರಿಗೂ ನಮ್ಮ ಸಾಕ್ಷಿಗೂ ಒಂದು ವ್ಯತ್ಯಾಸವಿದೆ. ಬೇರಿನ ಪತ್ರಗಳನ್ನು ಫೋನು, ಕಂಪ್ಯೂಟರ್ ತಯಾರಿಸುವವರು ಮೊದಲೇ ಒಳಗಿಟ್ಟು ಕೊಡುತ್ತಾರೆ. ನಾವು ಅವರನ್ನು ಕಂಡಿಲ್ಲ, ಆರಿಸಿಲ್ಲ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಮಾಣಪತ್ರ ಸಂಸ್ಥೆಯೊಳಗೆ ಕಳ್ಳರು ನುಗ್ಗಿ ಗೂಗಲ್ ಹೆಸರಿನದೂ ಸೇರಿ 500ಕ್ಕೂ ಹೆಚ್ಚು ಸುಳ್ಳು ಪತ್ರ ಹೊರಡಿಸಿದರು. ಸಾಕ್ಷಿ ಕೆಟ್ಟ ಮೇಲೆ ಆ ಸಂಸ್ಥೆ ಅದೇ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. ಹೋಟೆಲ್ ಭಟ್ಟರು ಸುಳ್ಳು ಹೇಳಿದರೆ ನಾನು ಮಾರನೆಯ ದಿನ ಕಾಫಿ ಕುಡಿಯಲು ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳಬಹುದಿತ್ತು. ಈಗಿನ ಸಾಕ್ಷಿಗಳ ಹೋಟೆಲ್ ಎಲ್ಲಿದೆಯೋ ಯಾರಿಗೆ ಗೊತ್ತು! ಯಂತ್ರ ಬಂದ ಮೇಲೆ ನಂಬಿಕೆ ಬೇಡವಾಯಿತು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನಂಬಿಕೆ ಹಾಗೇ ಇದೆ, ಕಣ್ಣಿಗೆ ಕಾಣದಷ್ಟು ಹಿಂದಕ್ಕೆ ಸರಿದಿದೆ.

ಇಷ್ಟು ಹೇಳಿದ ಮೇಲೆ ನನ್ನ ಸಾಕ್ಷಿಯ ಕಥೆಯನ್ನೂ ಹೇಳಬೇಕು. ಸಾವಿರದ ಒಂಬೈನೂರ ಎಂಬತ್ತರ ದಶಕದ ಕೊನೆ. ಊರಿನ ಹೆಸರು ಬೇಡ. ವೃದ್ಧಾಪ್ಯ ವೇತನ ಬರುತ್ತಿದ್ದ ಒಬ್ಬ ಅಜ್ಜಿ ಇದ್ದಳು. ಜೀವಮಾನವಿಡೀ ಅವರಿವರ ಮನೆಯಲ್ಲಿ ಅಡಿಕೆ ಸುಲಿದವಳು. ಚೊಗರು ಹತ್ತಿ ಕಪ್ಪಾದ ಬೆರಳು, ಸವೆದು ನುಣುಪಾದ ಹೆಬ್ಬೆಟ್ಟು. ಅವಳ ಗುರುತಿನಲ್ಲಿ ಗೆರೆಯೇ ಇರುತ್ತಿರಲಿಲ್ಲ, ಬರೀ ಒಂದು ಮಸಿಯ ಬೊಟ್ಟು. ಇಲಾಖೆಯ ದೃಷ್ಟಿಯಲ್ಲಿ ಅದು ಗುರುತೇ ಅಲ್ಲ. ನನಗೆ ಮಾತ್ರ ನೂರು ಹೆಬ್ಬೆಟ್ಟಿನ ನಡುವೆ ಎದ್ದು ಕಾಣುತ್ತಿದ್ದದ್ದು ಅದೇ.

ಒಂದು ತಿಂಗಳು ಪೋಸ್ಟ್‌ಮ್ಯಾನ್ ತಂದ ಫಾರಂನಲ್ಲಿ ಹೆಬ್ಬೆಟ್ಟು ಸ್ಪಷ್ಟವಾಗಿ ಮೂಡಿತ್ತು. ಸುರುಳಿ ಸುರುಳಿಯಾಗಿ, ಎಣಿಸಬಹುದಾದಂಥ ಗೆರೆಗಳು. ಸಾಕ್ಷಿಯ ಸಹಿಯೂ ಇತ್ತು. ತಲೆಯೆತ್ತಿ ಅವನನ್ನು ನೋಡಿದೆ. ಅವನು ನೆಲ ನೋಡಿದ. "ಅಜ್ಜಿ ಹೋಗಿ ವಾರ ಆಯ್ತು ಸ್ವಾಮಿ. ಮನೇಲಿ ಎರಡು ಮಕ್ಕಳು, ಸೊಸೆ ಒಬ್ಬಳೇ. ತಿಥಿಗೆ ಅಕ್ಕಿ ಇಲ್ಲ" ಅಂದ.

ನಾನು ಮೊಹರು ಒತ್ತಿದೆ. ಮುಂದಿನ ತಿಂಗಳ ಮನಿಯಾರ್ಡರಿನ ಮೇಲೆ ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಬರೆದು ವಾಪಸು ಕಳಿಸಿದೆ.

ಆ ಒಂದು ತಿಂಗಳ ಮೊಹರು ಸರಿಯೋ ತಪ್ಪೋ ಎಂದು ಇಷ್ಟು ವರ್ಷವಾದರೂ ನನ್ನ ಮನಸ್ಸಾಕ್ಷಿ ಒಂದೇ ಮಾತು ಹೇಳಿಲ್ಲ. ಇವತ್ತಿನ ಯಂತ್ರವಾಗಿದ್ದರೆ ಸೊಸೆಯ ಬೆರಳನ್ನು ತಕ್ಷಣ ತಳ್ಳುತ್ತಿತ್ತು, ಅದು ಸರಿ. ಆದರೆ ಅಜ್ಜಿ ಬದುಕಿದ್ದಾಗ ಅವಳ ಬೆರಳನ್ನೂ ಪ್ರತಿ ತಿಂಗಳು ತಳ್ಳುತ್ತಿತ್ತು. ಗೆರೆ ಇಲ್ಲದ್ದೇ ಅವಳ ಗುರುತು ಎಂದು ಅರಿಯಲು ಅವಳ ಕೈಯ ಕಥೆ ಗೊತ್ತಿರಬೇಕು. ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮೋಸವೂ ಕಂಡಿತು, ಗೊತ್ತಿದ್ದದ್ದಕ್ಕೇ ಕಣ್ಣೂ ಮುಚ್ಚಿತು. ಬಲ್ಲವನು ಸಾಕ್ಷಿಯಾಗುವುದರ ಬೆಲೆ ಇದು.

ಮೊನ್ನೆ ಮಗಳು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಹೋದ ವರ್ಷ ಇಲ್ಲಿನ ಪೌರತ್ವ ಸಿಕ್ಕಿದೆ. ಅರ್ಜಿ ಪೂರ್ತಿ ಆನ್‌ಲೈನು, ಫೋಟೊ ಸಹ ಫೋನಿನಲ್ಲೇ. ಎಲ್ಲ ಮುಗಿಯಿತು ಎನ್ನುವಾಗ ಒಂದು ಪುಟ ಬಂತು: ನಿಮ್ಮನ್ನು ಕನಿಷ್ಠ ಒಂದು ವರ್ಷದಿಂದ ಬಲ್ಲ, ನಿಮ್ಮ ನೆಂಟರಲ್ಲದ, ನಿಮ್ಮ ಮನೆಯಲ್ಲೇ ವಾಸಿಸದ, ನ್ಯೂಜಿಲೆಂಡ್ ಪಾಸ್‌ಪೋರ್ಟ್ ಇರುವ ಒಬ್ಬರ ವಿವರ ಕೊಡಿ.

ಅಂದರೆ, ಸಾಕ್ಷಿ. ಇಷ್ಟೆಲ್ಲ ಕೀಲಿ, ಅಳತೆ, ಬೇರು ಇಟ್ಟುಕೊಂಡ ಸರ್ಕಾರವೂ ಕೊನೆಗೆ ಹೋಟೆಲ್ ಭಟ್ಟರನ್ನೇ ಕೇಳಿತು.

ಬೇಲಿಯ ಆಚೆ ಮನೆಯ ಮಾವೊರಿ ಹೆಂಗಸನ್ನು ಕೇಳಿದೆವು. ಬಸ್ ಓಡಿಸಿ ನಿವೃತ್ತರಾದವರು, ನನಗಿಂತ ನಾಲ್ಕು ವರ್ಷ ಚಿಕ್ಕವರು. ಒಳಗೆ ಹೋಗಿ ಪಾಸ್‌ಪೋರ್ಟ್ ತಂದರು. ಬರೆದುಕೊಡುವ ಮೊದಲು ಮಗಳ ಮುಖವನ್ನು ಒಂದು ಗಳಿಗೆ ನೇರವಾಗಿ ನೋಡಿದರು. ಆರು ವರ್ಷದಿಂದ ದಿನಾ ಕಾಣುವ ಮುಖ, ಹೊಸದಾಗಿ ನೋಡುವಂಥದ್ದೇನೂ ಇರಲಿಲ್ಲ. ಆದರೂ ನೋಡಿದರು. ನಾನು ಕೆಲಸ ಮಾಡಿದ ಕಾಲದಲ್ಲಿ ಎಲ್ಲ ಸಾಕ್ಷಿಗಳೂ ಹಾಗೆ ನೋಡಿ ಸಹಿ ಹಾಕಿದ್ದರೆ ಇಲಾಖೆಗೂ ನನಗೂ ಎಷ್ಟೋ ಒಳ್ಳೆಯದಾಗುತ್ತಿತ್ತು.

ನಿಜವಾದ ನಾನು ಯಾರೆಂದು ನನಗೆ ಯಾವ ಆ್ಯಪೂ ಹೇಳಿಲ್ಲ, ಹೇಳುವ ಹಾಗೂ ಇಲ್ಲ. ಅದು ನಾನೇ ನೋಡಿಕೊಳ್ಳಬೇಕಾದ ಬಾಕಿ. ಆದರೆ ನಾನು ಇಂಥವನು ಎಂದು ನಾಲ್ಕು ಜನರ ಎದುರು ನಿಲ್ಲಬೇಕಾದಾಗ ಇನ್ನೊಬ್ಬರ ಕಣ್ಣು ಬೇಕೇ ಬೇಕು. ಕನ್ನಡಕ ತೆಗೆದ ಅಜ್ಜನಿಗೆ ಮೊಮ್ಮಗಳು ಬೇಕಾದ ಹಾಗೆ. ಹಳೆಯ ಪೋಸ್ಟ್ ಮಾಸ್ಟರನದೊಂದು ಮಾತು ನಡೆಸಿಕೊಡಿ: ಯಾರಾದರೂ ಬಂದು ಸಾಕ್ಷಿ ಹಾಕಿ ಎಂದರೆ ಇಲ್ಲವೆನ್ನಬೇಡಿ. ಮುಖ ನೋಡದೆ ಮಾತ್ರ ಸಹಿ ಹಾಕಬೇಡಿ.